ಹೆಗಲಿಗೊಪ್ಪುವ ಕೋವಿ, ಜೇಬಿಗೊಪ್ಪುವ ಖರ್ಚು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಶೂಟಿಂಗ್ ಕಲಿಯುವ ಮಕ್ಕಳಿರುವ ಮನೆಗಳಲ್ಲಿ ಈ ಗಾದೆ ಆಗಾಗ ಕೇಳಿಬರುತ್ತದೆ. ಮಗನೋ ಮಗಳೋ ರೈಫಲ್ ಕ್ಲಬ್ಬಿಗೆ ಸೇರಿ ಏಳೆಂಟು ತಿಂಗಳಾಗಿರುತ್ತದೆ. ಸಾಲಸೋಲ ಮಾಡಿ ಒಂದು ಸಾಧಾರಣ ಏರ್ ರೈಫಲ್ ಕೊಡಿಸಿಯೂ ಆಗಿರುತ್ತದೆ. ಮೊದಮೊದಲು ಏರಿದ ಅಂಕ ಒಂದು ಹಂತಕ್ಕೆ ಬಂದು ನಿಂತುಬಿಡುತ್ತದೆ. ಆಗ ಶುರುವಾಗುತ್ತದೆ ರಾಗ: 'ಅಪ್ಪಾ, ಈ ರೈಫಲ್ ಸರಿ ಇಲ್ಲ. ಬೇರೆಯವರದ್ದೆಲ್ಲ ಫಾರಿನ್ನಿನದು.' ಸ್ಪರ್ಧೆಗೆಂದೇ ತಯಾರಾದ ವಿದೇಶಿ ರೈಫಲ್‌ನ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಅಪ್ಪ ಗಾದೆ ಹೇಳಿ ಸುಮ್ಮನಾಗುತ್ತಾರೆ. ಮಗು ಮುಖ ಊದಿಸಿಕೊಂಡು ಸುಮ್ಮನಾಗುತ್ತದೆ. ಕೆಲವು ತಿಂಗಳಲ್ಲಿ ರೈಫಲ್ ಅಟ್ಟ ಸೇರುತ್ತದೆ.

ಇಲ್ಲಿ ಇಬ್ಬರೂ ಕೇಳಬೇಕಾದ, ಆದರೆ ಯಾರೂ ಕೇಳದ ಪ್ರಶ್ನೆಯೊಂದಿದೆ. ನೆಲ ನಿಜವಾಗಿಯೂ ಡೊಂಕಿದೆಯೇ? ಇದ್ದರೆ ಅದನ್ನು ಮನೆಯಲ್ಲೇ, ಕೆಲವೇ ನೂರು ರೂಪಾಯಿಗಳಲ್ಲಿ ಸಮ ಮಾಡಬಹುದೇ? ಎಷ್ಟೋ ಬಾರಿ ಎರಡಕ್ಕೂ ಉತ್ತರ ಹೌದು ಎಂದೇ ಇರುತ್ತದೆ. ಡೊಂಕು ಇರುವುದು ಸಾಮಾನ್ಯವಾಗಿ ನಳಿಗೆಯಲ್ಲಲ್ಲ, ಟ್ರಿಗರ್‌ನಲ್ಲಲ್ಲ. ಅದು ಇರುವುದು ಸ್ಟಾಕ್‌ನಲ್ಲಿ. ಅಂದರೆ ಹೆಗಲಿಗೆ ಆನಿಸುವ, ಕೆನ್ನೆಗೆ ತಾಗುವ, ಎರಡೂ ಕೈಗಳಲ್ಲಿ ಹಿಡಿಯುವ ಆ ಮರದ ಭಾಗದಲ್ಲಿ.

ಎಲ್ಲರಿಗೂ ಒಂದೇ ಅಂಗಿಯೇ?

ಕಾರ್ಖಾನೆಯಿಂದ ಬರುವ ಸಾಧಾರಣ ರೈಫಲ್‌ನ ಸ್ಟಾಕ್ ಒಂದೇ ಅಳತೆಯದು. ಅದನ್ನು ರೂಪಿಸುವಾಗ ಕಣ್ಣಮುಂದೆ ಇಟ್ಟುಕೊಂಡಿರುವುದು ಬೆಳೆದ ಗಂಡಸಿನ ಮೈಕಟ್ಟು. ಅದನ್ನು ಹಿಡಿಯುವವರು ಎಂಟನೆಯ ತರಗತಿಯ ಹುಡುಗಿ. ನಾಲ್ಕಡಿ ಹತ್ತಂಗುಲದ ಮಗುವಿಗೆ ಅಪ್ಪನ ಅಂಗಿ ತೊಡಿಸಿ 'ಓಡು' ಎಂದಂತೆ ಇದು.

ಸೈನ್ಯದವರಿಗೆ ಈ ವಿಷಯ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಎರಡು ಮಹಾಯುದ್ಧಗಳಲ್ಲಿ ಬಳಕೆಯಾದ, ನಮ್ಮ ಪೊಲೀಸರ ಹೆಗಲ ಮೇಲೂ ದಶಕಗಟ್ಟಲೆ ಇದ್ದ .303 ಲೀ-ಎನ್‌ಫೀಲ್ಡ್ ರೈಫಲ್ ನೆನಪಿದೆಯಲ್ಲ? ಅದರ ಹಿಂಬದಿಯ ಮರದ ತುಂಡನ್ನು ಬೇರೆ ಬೇರೆ ಉದ್ದಗಳಲ್ಲಿ ತಯಾರಿಸುತ್ತಿದ್ದರು. ಒಂದಕ್ಕೂ ಇನ್ನೊಂದಕ್ಕೂ ಅರ್ಧ ಅಂಗುಲದ ವ್ಯತ್ಯಾಸ. ಗಿಡ್ಡ ತುಂಡಿನ ಮೇಲೆ 'ಎಸ್', ಉದ್ದ ತುಂಡಿನ ಮೇಲೆ 'ಎಲ್' ಎಂಬ ಗುರುತು. ಲಕ್ಷಾಂತರ ಸಂಖ್ಯೆಯಲ್ಲಿ ಕೋವಿ ಮಾಡುವ ಅವಸರದಲ್ಲೂ ಸೈನಿಕನ ತೋಳಿನ ಅರ್ಧ ಅಂಗುಲಕ್ಕೆ ಅಷ್ಟು ಬೆಲೆ ಕೊಟ್ಟಿದ್ದರು. ಇಂದಿನ ಸ್ಪರ್ಧೆಯ ರೈಫಲ್‌ಗಳ ಸ್ಟಾಕನ್ನು ಉದ್ದ ಮಾಡಬಹುದು, ಗಿಡ್ಡ ಮಾಡಬಹುದು. ಕೆನ್ನೆ ಆನಿಸುವ ಭಾಗವನ್ನು ಏರಿಸಬಹುದು, ಇಳಿಸಬಹುದು. ಆ ದುಬಾರಿ ಬೆಲೆಯಲ್ಲಿ ಒಂದು ದೊಡ್ಡ ಪಾಲು ಹೋಗುವುದು ಈ ಅನುಕೂಲಕ್ಕೇ.

ಇದರಿಂದ ನಿಜವಾಗಿ ಎಷ್ಟು ವ್ಯತ್ಯಾಸವಾಗುತ್ತದೆ? ಹೈಸ್ಕೂಲಿನ ಸಮರೂಪ ತ್ರಿಭುಜದ ಲೆಕ್ಕ ಸಾಕು. ರೈಫಲ್‌ನ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವಿನ ಅಂತರ 500 ಮಿ.ಮೀ. ಎಂದಿಟ್ಟುಕೊಳ್ಳಿ. ಗುರಿ ಇರುವುದು 10 ಮೀಟರ್, ಅಂದರೆ 10,000 ಮಿ.ಮೀ. ದೂರದಲ್ಲಿ. 10,000ವನ್ನು 500ರಿಂದ ಭಾಗಿಸಿದರೆ 20. ಎಂದರೆ ಎರಡು ಸೈಟ್‌ಗಳ ಹೊಂದಾಣಿಕೆಯಲ್ಲಿ ಆದ ತಪ್ಪು ಗುರಿಯ ಮೇಲೆ ಇಪ್ಪತ್ತು ಪಟ್ಟಾಗುತ್ತದೆ. ಬರೆಯುವ ಕಾಗದದ ಒಂದು ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಅಷ್ಟು ತಪ್ಪಿದರೆ ಗುಂಡು 2 ಮಿ.ಮೀ. ಆಚೆ ಬೀಳುತ್ತದೆ. 10 ಮೀಟರ್ ಏರ್ ರೈಫಲ್‌ನ ಗುರಿಪಟದಲ್ಲಿ ಹತ್ತರ ಚುಕ್ಕೆಯ ವ್ಯಾಸ ಅರ್ಧ ಮಿ.ಮೀ. ಮಾತ್ರ. ಒಂದು ಉಂಗುರಕ್ಕೂ ಮತ್ತೊಂದಕ್ಕೂ ನಡುವೆ ಇರುವುದು 2.5 ಮಿ.ಮೀ. ಹೀಗಾಗಿ ಕಾಗದದ ಹಾಳೆಯಷ್ಟು ತಪ್ಪಿಗೆ ಹೆಚ್ಚುಕಡಿಮೆ ಒಂದು ಅಂಕ ಖರ್ಚು! ಪ್ರತಿ ಸಲವೂ ಕೆನ್ನೆ ಒಂದೇ ಜಾಗಕ್ಕೆ ಬಂದು ಕೂರದಿದ್ದರೆ ಕಣ್ಣು ಒಂದೇ ಜಾಗದಲ್ಲಿರುವುದಿಲ್ಲ. ಕಣ್ಣು ಅಲೆದರೆ ಅಂಕ ಅಲೆಯುತ್ತದೆ.

ಯಾವುದನ್ನು ಮುಟ್ಟಬಹುದು, ಯಾವುದನ್ನು ಬಾರದು

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಗೆರೆ ಎಳೆದುಕೊಳ್ಳೋಣ. ಈ ಲೇಖನ ಮನೆಯ ಸ್ವಂತದ ಸಾಧಾರಣ ಏರ್ ರೈಫಲ್‌ಗೆ ಮಾತ್ರ ಸಂಬಂಧಿಸಿದ್ದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ರಂಧ್ರ 4.5 ಮಿ.ಮೀ. ಮೀರದ, ಗುಂಡಿನ ಶಕ್ತಿ 20 ಜೌಲ್ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಎನ್‌ಸಿಸಿಯಲ್ಲಿ ಕೊಡುವ .22 ರೈಫಲ್ ಸರ್ಕಾರದ ಸೊತ್ತು. ಕ್ಲಬ್ಬಿನ ರೈಫಲ್ ಹತ್ತು ಮಂದಿಯದು. ಅವುಗಳ ಒಂದು ತಿರುಪನ್ನೂ ಸಡಿಲಿಸಬಾರದು. ಇನ್ನು ಕೊಡಗಿನ ಮನೆಗಳ ತೋಕು ಬೇರೆಯದೇ ಕಥೆ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಲಾಯಿತು. ಕೈಲ್‌ಪೊಳ್ದ್ ಹಬ್ಬದಂದು ತೋಕ್‌ಪೂ ಮುಡಿಸಿ ಪೂಜಿಸುವ ಅಜ್ಜನ ಕಾಲದ ಕೋವಿಯನ್ನು ಒರೆಸಬಹುದು, ಮರಕ್ಕೆ ಎಣ್ಣೆ ಹಚ್ಚಬಹುದು. ಆದರೆ ಮದ್ದುಗುಂಡಿನ ಕೋವಿಯ ಮೇಲೆ ಗರಗಸ, ಡ್ರಿಲ್ ಪ್ರಯೋಗ ವಿದ್ಯಾರ್ಥಿಗಳಿಗೆ ಸಲ್ಲದು.

ಏರ್ ರೈಫಲ್‌ನಲ್ಲೂ ನಮ್ಮ ಕೆಲಸ ಮರಕ್ಕೆ ಮಾತ್ರ ಸೀಮಿತ. ಸ್ಪ್ರಿಂಗ್ ಇರುವ ಉಕ್ಕಿನ ಕೊಳವೆಯನ್ನು ಬಿಚ್ಚಬಾರದು. ಒಳಗೆ ಅದುಮಿಟ್ಟ ಸ್ಪ್ರಿಂಗ್ ಸರಿಯಾದ ಸಲಕರಣೆ ಇಲ್ಲದೆ ಬಿಚ್ಚಿದರೆ ಹಾರಿ ಮುಖವನ್ನೇ ಒಡೆಯಬಲ್ಲದು. ಟ್ರಿಗರ್ ಹಗುರ ಮಾಡುವ ಸಾಹಸವೂ ಬೇಡ. ಮರ ಬಿಚ್ಚುವ ಮೊದಲು ಗುಂಡಿಲ್ಲವೆಂದು, ಸ್ಪ್ರಿಂಗ್ ಎಳೆದಿಲ್ಲವೆಂದು, ನಳಿಗೆ ಮುಚ್ಚಿದೆಯೆಂದು ಇಬ್ಬರು ಬೇರೆ ಬೇರೆಯಾಗಿ ನೋಡಿ ಖಚಿತಪಡಿಸಿಕೊಳ್ಳಬೇಕು. ಆ ಇಬ್ಬರಲ್ಲಿ ಒಬ್ಬರು ದೊಡ್ಡವರಾಗಿರಲಿ. ನಳಿಗೆ ಮಡಚುವ ಮಾದರಿಯಲ್ಲಿ ನಳಿಗೆ ತೆರೆದಿರುವಾಗ ಟ್ರಿಗರ್ ಎಳೆದರೆ ಅದು ರಪ್ಪನೆ ಮುಚ್ಚಿಕೊಂಡು ಬೆರಳು ಜಜ್ಜುತ್ತದೆ. ಮರ ಬಿಚ್ಚಿದ ಮೇಲಂತೂ ಅದನ್ನು ಎಳೆದು ನೋಡುವ ಚಪಲ ಸುತರಾಂ ಕೂಡದು.

ಖರ್ಚಿಲ್ಲದ ನಾಲ್ಕು ಪರೀಕ್ಷೆ

ವೈದ್ಯರು ಮೊದಲು ನಾಡಿ ನೋಡುತ್ತಾರೆ, ಆಮೇಲೆ ಚೀಟಿ ಬರೆಯುತ್ತಾರೆ. ಇಲ್ಲೂ ಹಾಗೆಯೇ. ಒಂದು ನೋಟ್‌ಪುಸ್ತಕ ಹಿಡಿದು ಕುಳಿತುಕೊಳ್ಳಿ. ಬಲಗೈಯವರಿಗೆ ಹೇಳಿದ್ದನ್ನು ಎಡಗೈಯವರು ಅದಲುಬದಲು ಮಾಡಿಕೊಂಡರಾಯಿತು.

ಮೊದಲನೆಯದು, ರೈಫಲ್ ತಪ್ಪೋ ಕೈ ತಪ್ಪೋ ಎಂದು ಬೇರ್ಪಡಿಸುವುದು. ಕ್ಲಬ್ಬಿನ ರೇಂಜ್‌ನಲ್ಲಿ, ತರಬೇತುದಾರರ ಎದುರು, ಮೇಜಿನ ಮೇಲೆ ಮೊಣಕೈ ಊರಿ, ರೈಫಲ್‌ನ ಮುಂಭಾಗವನ್ನು ತೆರೆದ ಅಂಗೈ ಮೇಲೆ ಸಡಿಲವಾಗಿ ಇಟ್ಟುಕೊಂಡು 5 ಗುಂಡುಗಳ 4 ಗುಂಪು ಹೊಡೆಯಲಿ. ರೈಫಲನ್ನು ಗಟ್ಟಿ ಮರದ ಮೇಲಾಗಲಿ ಇಟ್ಟಿಗೆಯ ಮೇಲಾಗಲಿ ಇಡಬಾರದು. ಸ್ಪ್ರಿಂಗ್ ರೈಫಲ್‌ನ ಸ್ವಭಾವವೇ ವಿಚಿತ್ರ. ಪಿಸ್ಟನ್ ಮುಂದಕ್ಕೆ ಚಿಮ್ಮುವಾಗ ನ್ಯೂಟನ್ನನ ಮೂರನೆಯ ನಿಯಮದಂತೆ ಇಡೀ ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ತುದಿಗೆ ಬಂದು ನಿಂತಾಗ ಮತ್ತೆ ಮುಂದಕ್ಕೆ ಕುಲುಕುತ್ತದೆ. ಗಟ್ಟಿ ನೆಲೆಯ ಮೇಲಿಟ್ಟರೆ ಪುಟಿದು ಗುಂಡು ದಿಕ್ಕು ತಪ್ಪುತ್ತದೆ. ಪ್ರತಿ ಗುಂಪಿನಲ್ಲೂ ಅತಿ ದೂರದ ಎರಡು ರಂಧ್ರಗಳ ಕೇಂದ್ರಗಳ ನಡುವಿನ ಅಂತರವನ್ನು ಅಳೆದು ಬರೆದಿಡಿ. ಆಮೇಲೆ ನಿಂತು ಅಷ್ಟೇ ಗುಂಪು ಹೊಡೆಯಲಿ. ಕುಳಿತಾಗ ಗುಂಪು ಚಿಕ್ಕದು, ನಿಂತಾಗ ತೀರಾ ದೊಡ್ಡದು ಎಂದಾದರೆ ನಳಿಗೆ ನಿರಪರಾಧಿ. ದೋಷ ಇರುವುದು ನಿಲುವಿನಲ್ಲಿ, ಅಥವಾ ಆ ನಿಲುವಿಗೆ ಒಗ್ಗದ ಸ್ಟಾಕ್‌ನಲ್ಲಿ. ಕುಳಿತಾಗಲೂ ಚೆಲ್ಲಾಪಿಲ್ಲಿ ಎಂದಾದರೆ ಮೊದಲು ತಿರುಪುಗಳನ್ನು ನೋಡಬೇಕು. ಆ ವಿಷಯ ಮುಂದೆ ಬರುತ್ತದೆ.

ಎರಡನೆಯದು ಉದ್ದ. ಬಲ ಮೊಣಕೈಯನ್ನು ಲಂಬಕೋನಕ್ಕೆ ಮಡಚಿ, ಸ್ಟಾಕ್‌ನ ಹಿಂಬದಿಯನ್ನು ಮೊಣಕೈ ಮಡಿಕೆಗೆ ಆನಿಸಿ ಹಿಡಿಯಿರಿ. ತೋರುಬೆರಳಿನ ಮೊದಲ ಗೆಣ್ಣು ಸರಾಗವಾಗಿ ಟ್ರಿಗರ್ ಮುಟ್ಟಿದರೆ ಉದ್ದ ಸರಿ ಇದೆ. ಬೆರಳು ಎಟುಕದಿದ್ದರೆ ಸ್ಟಾಕ್ ಉದ್ದ. ಬೆರಳು ಟ್ರಿಗರ್ ದಾಟಿ ಹೋದರೆ ಗಿಡ್ಡ. ದೊಡ್ಡವರಿಗಾಗಿ ಮಾಡಿದ ರೈಫಲ್‌ನಲ್ಲಿ ಟ್ರಿಗರ್‌ನಿಂದ ಹಿಂಬದಿಯವರೆಗಿನ ಈ ಅಳತೆ 14 ಅಂಗುಲದ ಆಸುಪಾಸಿನಲ್ಲಿರುತ್ತದೆ. ಹೈಸ್ಕೂಲು ಮಕ್ಕಳಲ್ಲಿ ಅನೇಕರಿಗೆ ಇದು ಜಾಸ್ತಿಯೇ. ಉದ್ದದ ಸ್ಟಾಕ್ ಹಿಡಿದ ಮಗು ಸೊಂಟವನ್ನು ಹಿಂದಕ್ಕೆ ಬಾಗಿಸಿ ನಿಲ್ಲುತ್ತದೆ. ದಿನವೂ ಹಾಗೆ ನಿಂತರೆ ಬೆನ್ನು ನೋಯುವುದೂ ಉಂಟು.

ಮೂರನೆಯದು ಕೆನ್ನೆಯ ಎತ್ತರ. ಗುಂಡಿಲ್ಲದ ರೈಫಲನ್ನು ಗೋಡೆಯತ್ತ ಹಿಡಿದು, ಕಣ್ಣು ಮುಚ್ಚಿ, ತಲೆಯ ಭಾರವನ್ನು ಸ್ಟಾಕ್ ಮೇಲೆ ಹಾಯಾಗಿ ಇಳಿಸಿ. ಈಗ ಕಣ್ಣು ತೆರೆಯಿರಿ. ಸೈಟ್‌ಗಳು ತಾವಾಗಿಯೇ ಒಂದರ ಹಿಂದೊಂದು ಕೂತಿದ್ದರೆ ಸರಿ. ಹಿಂದಿನ ಸೈಟ್ ಮುಂದಿನದನ್ನು ಮರೆಮಾಡಿ, ಕತ್ತು ಎತ್ತಬೇಕಾಗಿ ಬಂದರೆ ಕೆನ್ನೆಯ ಜಾಗ ತಗ್ಗಾಗಿದೆ. ಐದು ಸಲ ಮಾಡಿ ನೋಡಿ, ಐದು ಸಲದ್ದನ್ನೂ ಬರೆದುಕೊಳ್ಳಿ.

ನಾಲ್ಕನೆಯದು ಸುಲಭ. ಸ್ಟಾಕನ್ನು ಉಕ್ಕಿನ ಭಾಗಕ್ಕೆ ಬಿಗಿದಿರುವ ತಿರುಪುಗಳನ್ನು ಸರಿಯಾದ ಅಳತೆಯ ತಿರುಪುಳಿಯಿಂದ ಮುಟ್ಟಿ ನೋಡಿ. ಹೊಸ ರೈಫಲ್‌ನಲ್ಲೂ ಕಾಲು ಸುತ್ತು ತಿರುಗಿದರೆ ಆಶ್ಚರ್ಯಪಡಬೇಡಿ. ಈಗಷ್ಟೇ ಹೇಳಿದ ಹಿಂದು ಮುಂದಿನ ಕುಲುಕಾಟಕ್ಕೆ ಮೊದಲು ಬಲಿಯಾಗುವವು ಈ ತಿರುಪುಗಳೇ.

ಮೊದಲು ತಿರುಪು

ಆರಂಭ ಇಲ್ಲಿಂದ, ಏಕೆಂದರೆ ಇದಕ್ಕೆ ಬೇಕಾದದ್ದು ಬರೇ ಹತ್ತು ನಿಮಿಷ. ತಿರುಪುಗಳನ್ನು ಒಂದೊಂದಾಗಿ ತೆಗೆದು, ಎಣ್ಣೆಯ ಜಿಡ್ಡು ಒರೆಸಿ, ತಲೆಯ ಕೆಳಗೆ ಹಲ್ಲು ವಾಷರ್ ಹಾಕಿ, ಸ್ವಲ್ಪ ಸ್ವಲ್ಪವೇ ಸರದಿಯಂತೆ ಬಿಗಿಯಿರಿ. ಎಳೆಗಳಿಗೆ ಒಂದು ತೊಟ್ಟು ನೇಲ್ ಪಾಲಿಶ್ ಹಚ್ಚಿದರೆ ಬೇಗ ಸಡಿಲವಾಗುವುದಿಲ್ಲ, ಬೇಕೆಂದಾಗ ಬಿಚ್ಚಲೂ ಬರುತ್ತದೆ. ಭೀಮಬಲ ಬೇಡ. ಮರ ಅದುಮಿಕೊಂಡು ತಿರುಪಿನ ತಲೆ ಒಳಗಿಳಿಯುತ್ತದೆ. ಈಗಾಗಲೇ ಹಾಗೆ ಮರ ಜಜ್ಜಿಹೋಗಿದ್ದರೆ ತಿರುಪು ಹಾಯುವ ರಂಧ್ರದಲ್ಲಿ ಹಿತ್ತಾಳೆಯ ಸಣ್ಣ ಕೊಳವೆ ಕೂರಿಸಿ ಅರಲ್‌ಡೈಟ್‌ನಿಂದ ಅಂಟಿಸುವ ಉಪಾಯವಿದೆ. ತಿರುಪಿನ ಒತ್ತಡವನ್ನು ಆಗ ಮರದ ಬದಲು ಲೋಹ ಹೊರುತ್ತದೆ. ಇದನ್ನು ಮಾತ್ರ ಅನುಭವಿ ಬಡಗಿಯ ಕೈಲಿ ಮಾಡಿಸುವುದು ಲೇಸು. ಅಂಟು ತಾಗಬಹುದಾದ ಲೋಹಕ್ಕೆಲ್ಲ ಮೇಣದ ಶೂ ಪಾಲಿಶ್ ಬಳಿಯಲು ಮರೆತರೆ ಮರವೂ ಉಕ್ಕೂ ಜನ್ಮಕ್ಕೆ ಅಗಲದ ದಂಪತಿಗಳಾಗುತ್ತವೆ.

ಬೆಳೆಯುವ ಮಗುವಿಗೆ ಬೆಳೆಯುವ ಸ್ಟಾಕ್

ಸ್ಟಾಕ್ ಗಿಡ್ಡವಾಗಿದ್ದರೆ ಕೆಲಸ ಸುಲಭ. ಹಿಂಬದಿಯ ರಬ್ಬರು ಅಥವಾ ಪ್ಲಾಸ್ಟಿಕ್ ತಟ್ಟೆ ಬಿಚ್ಚಿ, ಅದೇ ಆಕಾರಕ್ಕೆ ಕತ್ತರಿಸಿದ 6 ಮಿ.ಮೀ. ಪ್ಲೈವುಡ್ ಬಿಲ್ಲೆಗಳನ್ನು ನಡುವೆ ಸೇರಿಸಿ, ಉದ್ದನೆಯ ತಿರುಪು ಹಾಕಿದರಾಯಿತು. ಬಡಗಿಯ ಅಂಗಡಿಯಲ್ಲಿ ಇಂಥ ಚೂರುಗಳು ಕಸದ ಬುಟ್ಟಿಯಲ್ಲೇ ಸಿಗುತ್ತವೆ.

ಉದ್ದವಾಗಿದ್ದರೆ ಕತ್ತರಿಸಬೇಕು. ಎದೆ ಝಲ್ಲೆನ್ನುವುದು ಸಹಜ. ಆದರೆ ಒಂದು ಉಪಾಯ ಮಾಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಕತ್ತರಿಸುವ ಗೆರೆಯ ಸುತ್ತ ಅಂಟುಪಟ್ಟಿ ಸುತ್ತಿ ಅದರ ಮೇಲೆ ಗುರುತು ಹಾಕಿ. ಪಟ್ಟಿ ಇದ್ದರೆ ಅಂಚಿನ ಸಿಬಿರು ಏಳುವುದಿಲ್ಲ. ಸಣ್ಣ ಹಲ್ಲಿನ ಗರಗಸದಿಂದ ಒಂದೇ ಏಟಿಗೆ ಆರ್‌ಪಾರ್ ಕೊಯ್ಯದೆ, ಸುತ್ತಲೂ ತಿರುಗಿಸುತ್ತ ಸ್ವಲ್ಪ ಸ್ವಲ್ಪ ಕೊಯ್ಯಿರಿ. ಬೇಕಾದಕ್ಕಿಂತ ಕಾಲು ಅಂಗುಲ ಉದ್ದವನ್ನೇ ಉಳಿಸಿಕೊಂಡು, ಉಳಿದದ್ದನ್ನು ಮರಳುಕಾಗದದಿಂದ ಸವೆಸಿ. ಮುಖ್ಯವಾದ ಮಾತು: ಕತ್ತರಿಸಿದ ತುಂಡನ್ನು ಒಲೆಗೆ ಹಾಕಬೇಡಿ! ಅದನ್ನೇ ತೆಳು ಬಿಲ್ಲೆಗಳಾಗಿ ಸೀಳಿಸಿ, ತಿರುಪಿಗೆ ರಂಧ್ರ ಮಾಡಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಗೋಡೆಯ ಮೇಲೆ ಮಗುವಿನ ಎತ್ತರದ ಗೆರೆ ಹಾಕುವವರು ನೀವು. ಆರು ತಿಂಗಳಿಗೊಮ್ಮೆ ಆ ಗೆರೆ ಎಳೆಯುವಾಗ ಮೊಣಕೈ ಪರೀಕ್ಷೆಯನ್ನೂ ಮಾಡಿ. ಬೇಕೆನಿಸಿದಾಗ ಒಂದು ಬಿಲ್ಲೆ ವಾಪಸು ಸೇರಿಸಿ. ಪಿಯುಸಿಗೆ ಬರುವ ಹೊತ್ತಿಗೆ ಸ್ಟಾಕ್ ಮತ್ತೆ ತನ್ನ ಮೂಲ ಉದ್ದಕ್ಕೆ ಬಂದಿರುತ್ತದೆ, ಅದೇ ಮರದಿಂದ. ದುಬಾರಿ ರೈಫಲ್ ಕೊಡುವ ಅನುಕೂಲವೂ ಇದೇ ಅಲ್ಲವೆ?

ಹಿಂಬದಿಯ ತಟ್ಟೆ ನುಣುಪಾಗಿ ಹೆಗಲಿನಿಂದ ಜಾರುತ್ತಿದ್ದರೆ ಸೈಕಲ್ ಟ್ಯೂಬಿನ ತುಂಡೊಂದನ್ನು ರಬ್ಬರು ಅಂಟಿನಿಂದ ಕೂರಿಸಿ. ನೋಡಲು ಚೆಂದವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ.

ಕೆನ್ನೆಗೊಂದು ದಿಂಬು

ಅಂಕದ ಮೇಲೆ ಬೇಗ ಪರಿಣಾಮ ತೋರಿಸುವುದು ಇದು. ಚಪ್ಪಲಿ ಅಂಗಡಿಗಳಲ್ಲಿ ಅಟ್ಟೆಗೆ ಬಳಸುವ 3 ಮಿ.ಮೀ. ದಪ್ಪದ ಫೋಮ್ ಹಾಳೆ ಸಿಗುತ್ತದೆ. ಮೆತ್ತಗಿನ ಸ್ಪಂಜು ಬೇಡ. ಅದು ಒಂದೊಂದು ಸಲ ಒಂದೊಂದು ರೀತಿ ಅದುಮುತ್ತದೆ. ಬೆರಳಿನಿಂದ ಒತ್ತಿದರೆ ಕೊಂಚವೇ ಕುಗ್ಗುವ ಗಟ್ಟಿ ಫೋಮ್ ಇರಲಿ. ಕೆನ್ನೆ ಕೂರುವ ಜಾಗಕ್ಕೆ ಒಂದು ಪದರ ಇಟ್ಟು ಅಂಟುಪಟ್ಟಿ ಸುತ್ತಿ, ಕಣ್ಣುಮುಚ್ಚುವ ಪರೀಕ್ಷೆ ಮಾಡಿ. ಸಾಲದೆ? ಇನ್ನೊಂದು ಪದರ. ಹೆಚ್ಚಾಯಿತೆ? ಒಂದು ತೆಗೆಯಿರಿ. ಕಾಗದದ ಹಾಳೆಯ ಲೆಕ್ಕ ನೆನಪಿರಲಿ. ಕೊನೆಯ ಹಂತದಲ್ಲಿ ಒಂದು ರಟ್ಟಿನ ತುಂಡು ಕೂಡ ವ್ಯತ್ಯಾಸ ಮಾಡುತ್ತದೆ.

ಸರಿಯೆನಿಸಿದ ತಕ್ಷಣ ಅಂಟಿಸಿಬಿಡಬೇಡಿ. ಒಂದು ವಾರ ಅಂಟುಪಟ್ಟಿಯಲ್ಲೇ ಅಭ್ಯಾಸ ನಡೆಯಲಿ. ವಾರದ ಕೊನೆಗೂ ಸರಿಯೆನಿಸಿದರೆ ಆಗ ಫೋಮ್ ಮೇಲೆ ರೆಕ್ಸಿನ್ ಅಥವಾ ಹಳೆಯ ಚರ್ಮದ ಚೀಲದ ತುಂಡು ಹೊದಿಸಿ, ಸ್ಟಾಕ್‌ನ ಕೆಳಗೆ ಶೂ ಲೇಸಿನಂತೆ ಹೆಣೆದು ಬಿಗಿಯಿರಿ. ಅಂಟಿನ ಗೊಡವೆಯೇ ಇಲ್ಲ. ಚಮ್ಮಾರರ ಕೈಲಿ ತೂತುಗಳಿಗೆ ರಿವೆಟ್ ಹಾಕಿಸಿದರೆ ವರ್ಷಗಟ್ಟಲೆ ಬಾಳುತ್ತದೆ. ಬೆಳೆಯುವ ಮಗುವಿನ ಮುಖವೂ ಬೆಳೆಯುತ್ತದೆ. ಲೇಸು ಬಿಚ್ಚಿ ಪದರ ಬದಲಿಸಿದರಾಯಿತು.

ಹಿಡಿ ಜಾರುವವರು ಬ್ಯಾಡ್ಮಿಂಟನ್ ಬ್ಯಾಟಿಗೆ ಸುತ್ತುವ ಗ್ರಿಪ್ ಪಟ್ಟಿಯನ್ನು ಸುತ್ತಿಕೊಳ್ಳಬಹುದು. ಅಂಗೈ ಬೆವರುವ ಮಕ್ಕಳಿಗೆ ಇದು ವರದಾನ. ಟ್ರಿಗರ್‌ನ ಸುತ್ತಮುತ್ತ ಪಟ್ಟಿಯ ತುದಿ ಇಣುಕದಂತೆ ನೋಡಿಕೊಂಡರೆ ಸಾಕು.

ಮರದ ಮೈಗೆ ಅಗಸೆ ಎಣ್ಣೆ

ಅಳತೆ ಮುಗಿದ ಮೇಲೆ ಅಲಂಕಾರ. ಅಲಂಕಾರವೆಂದರೆ ಬರೀ ಚೆಂದಕ್ಕಲ್ಲ. ಮರ ಮಳೆಗಾಲದಲ್ಲಿ ತೇವ ಹೀರಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಬಾಗಿಲು ಆಷಾಢದಲ್ಲಿ ಬಿಗಿಯಾಗುವುದನ್ನು ಯಾರು ನೋಡಿಲ್ಲ? ಸ್ಟಾಕ್ ಉಬ್ಬಿದರೆ ತಿರುಪಿನ ಬಿಗಿ ಬದಲಾಗುತ್ತದೆ. ಕತ್ತರಿಸಿದ ಅಂಚಂತೂ ಬಾಯಿ ತೆರೆದ ಸ್ಪಂಜಿನಂತೆ ತೇವ ಕುಡಿಯುತ್ತದೆ.

ಮೊದಲು ತಗ್ಗುಗಳನ್ನು ಎಬ್ಬಿಸೋಣ. ಮರಕ್ಕೆ ಪೆಟ್ಟು ಬಿದ್ದು ಆದ ತಗ್ಗಿನಲ್ಲಿ ಮರದ ನಾರು ಕತ್ತರಿಸಿರುವುದಿಲ್ಲ, ಅದುಮಿರುತ್ತದಷ್ಟೆ. ವಾರ್ನಿಷ್ ಕೆರೆದ ಮೇಲೆ ಒದ್ದೆ ಬಟ್ಟೆಯನ್ನು ತಗ್ಗಿನ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯ ತುದಿಯಿಂದ ಕ್ಷಣಕಾಲ ಒತ್ತಿದರೆ ಹಬೆ ಒಳಹೊಕ್ಕು ನಾರು ಮತ್ತೆ ಉಬ್ಬಿಕೊಳ್ಳುತ್ತದೆ. ಎರಡು ಮೂರು ಸಲ ಮಾಡಿದರೆ ತಗ್ಗು ಮಾಯ. ಮಕ್ಕಳಿಗೆ ಇದು ಜಾದೂ ಅನ್ನಿಸುತ್ತದೆ. ಇಸ್ತ್ರಿಪೆಟ್ಟಿಗೆ ಮಾತ್ರ ದೊಡ್ಡವರ ಕೈಯಲ್ಲಿರಲಿ.

ಆಮೇಲೆ ಮರಳುಕಾಗದ. 120ನೇ ನಂಬರಿನಿಂದ ಶುರು ಮಾಡಿ 220, ಕೊನೆಗೆ 400. ಉಜ್ಜುವುದು ಯಾವಾಗಲೂ ಮರದ ಎಳೆಯ ಉದ್ದಕ್ಕೆ, ಅಡ್ಡಲಾಗಿ ಅಲ್ಲ. ಉಕ್ಕು ಕೂರುವ ಗಾಡಿಯ ಅಂಚುಗಳನ್ನು ಮುಟ್ಟಬೇಡಿ. ಅಲ್ಲಿ ಸವೆದರೆ ಲೋಹ ಅಲುಗಾಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. 220 ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಸಣ್ಣ ನಾರುಗಳು ಗಡ್ಡದಂತೆ ಎದ್ದು ನಿಲ್ಲುತ್ತವೆ. 400ರಿಂದ ಅವನ್ನು ಬೋಳಿಸಿದರೆ ಮರ ರೇಷ್ಮೆಯಾಗುತ್ತದೆ.

ಈಗ ಎಣ್ಣೆ. ಉತ್ತರ ಕರ್ನಾಟಕದವರಿಗೆ ಅಗಸಿ ಎಂದರೆ ರೊಟ್ಟಿಯ ಜೊತೆಗಿನ ಚಟ್ನಿ. ಅದೇ ಅಗಸೆಯ ಎಣ್ಣೆ ಶತಮಾನಗಳಿಂದ ಕೋವಿಯ ಮರಕ್ಕೂ ಕ್ರಿಕೆಟ್ ಬ್ಯಾಟಿಗೂ ಆಹಾರ. ಅಡುಗೆಮನೆಯ ಕೊಬ್ಬರಿ ಎಣ್ಣೆ ಏಕಾಗದು ಎಂದು ಕೇಳಬಹುದು. ಉತ್ತರ ರಸಾಯನಶಾಸ್ತ್ರದ ಪುಸ್ತಕದಲ್ಲಿದೆ. ಅಗಸೆ ಎಣ್ಣೆಯ ಅಣುಗಳಲ್ಲಿ ದ್ವಿಬಂಧಗಳು ಹೇರಳ. ಗಾಳಿಯ ಆಮ್ಲಜನಕ ಅಲ್ಲಿ ಸೇರಿ ಅಣು ಅಣುವನ್ನು ಹೆಣೆಯುತ್ತದೆ. ಎಣ್ಣೆ ಆವಿಯಾಗಿ ಒಣಗುವುದಿಲ್ಲ, ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ದ್ವಿಬಂಧಗಳು ತೀರಾ ಕಡಿಮೆ. ಅದು ವರ್ಷವಾದರೂ ಜಿಡ್ಡಾಗಿಯೇ ಉಳಿಯುತ್ತದೆ. ಬಣ್ಣದ ಅಂಗಡಿಯಲ್ಲಿ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ಎಂದು ಕೇಳಿ. ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ. ಆದ್ದರಿಂದ ಅದು ಚಟ್ನಿಗಲ್ಲ! ಕೈಗವಸು ಹಾಕಿಕೊಂಡು, ಬೊಗಸೆಯಷ್ಟಲ್ಲ, ಚಮಚೆಯಷ್ಟು ಹಚ್ಚಿ ಅಂಗೈಯಿಂದ ಬಿಸಿಯಾಗುವಂತೆ ಉಜ್ಜಿ. ಅರ್ಧ ಗಂಟೆಯ ನಂತರ ಉಳಿದದ್ದನ್ನು ಪೂರ್ತಿ ಒರೆಸಿ ತೆಗೆಯಿರಿ. ಒಂದು ದಿನ ಬಿಟ್ಟು ಮತ್ತೊಂದು ಪದರ. ಹೀಗೆ ಐದಾರು ತೆಳು ಪದರ. ಕತ್ತರಿಸಿದ ಅಂಚಿಗೆ ಎರಡು ಪಾಲು ಹೆಚ್ಚು. ಆಮೇಲೆ ವರ್ಷಕ್ಕೊಮ್ಮೆ ಸಾಕು. ನೆನಪಿಗೆ ಆಯುಧಪೂಜೆ ಇದ್ದೇ ಇದೆ.

ಇಲ್ಲೊಂದು ಗಂಭೀರ ಎಚ್ಚರಿಕೆ. ಅಣುಗಳು ಹೆಣೆದುಕೊಳ್ಳುವಾಗ ಶಾಖ ಹುಟ್ಟುತ್ತದೆ. ಮರದ ಮೈ ಮೇಲೆ ಆ ಶಾಖ ಗಾಳಿಗೆ ಹಾರಿಹೋಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಶಾಖ ಒಳಗೇ ಕೂಡಿ, ಬೆಂಕಿಕಡ್ಡಿಯ ಸೋಂಕಿಲ್ಲದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಇದು ಕಟ್ಟುಕಥೆಯಲ್ಲ. ಬಡಗಿ ಮನೆಗಳು ಹೀಗೆ ಸುಟ್ಟದ್ದುಂಟು. ಒರೆಸಿದ ಬಟ್ಟೆಯನ್ನು ಕೂಡಲೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ಇಲ್ಲವೆ ಹೊರಗೆ ಒಂದೇ ಪದರವಾಗಿ ಹರಡಿ ಪೂರ್ತಿ ಒಣಗಿಸಿ ಆಮೇಲೆ ಬಿಸಾಡಿ.

ಪ್ಲಾಸ್ಟಿಕ್ ಸ್ಟಾಕ್ ಇರುವವರಿಗೆ ಈ ಎಣ್ಣೆಯ ಉಪಚಾರ ಬೇಡ. ಒಳಗೆ ಟೊಳ್ಳಾಗಿ ಡಬ್ಬದಂತೆ ಸದ್ದು ಮಾಡುತ್ತಿದ್ದರೆ ಹಿಂಬದಿ ಬಿಚ್ಚಿ ಹಳೆಯ ಬಟ್ಟೆಯನ್ನು ಒತ್ತಾಗಿ ತುಂಬಿ. ಅದುರು ಕಡಿಮೆಯಾಗುತ್ತದೆ. ಉಳಿದಂತೆ ಉದ್ದ, ಕೆನ್ನೆ, ಹಿಡಿಯ ಉಪಾಯಗಳು ಅವಕ್ಕೂ ಅನ್ವಯ.

ಒಂದು ಸಲಕ್ಕೆ ಒಂದೇ ಬದಲಾವಣೆ

ವಿದ್ಯಾರ್ಥಿಗಳಿಗೆ ಮುಖ್ಯವಾಗಿ ಹೇಳಬೇಕಾದದ್ದು ಇದು. ಉತ್ಸಾಹದಲ್ಲಿ ಒಂದೇ ಭಾನುವಾರ ಎಲ್ಲವನ್ನೂ ಬದಲಿಸಿದರೆ ಯಾವುದರಿಂದ ಲಾಭವಾಯಿತು, ಯಾವುದರಿಂದ ನಷ್ಟವಾಯಿತು ಎಂದು ತಿಳಿಯುವುದೇ ಇಲ್ಲ. ಪ್ರಯೋಗಾಲಯದಲ್ಲಿ ಮೇಷ್ಟರು ಹೇಳುವುದಿಲ್ಲವೆ, ಒಂದು ಸಲಕ್ಕೆ ಒಂದೇ ಅಂಶ ಬದಲಿಸು ಎಂದು? ಈ ವಾರ ತಿರುಪು. ಗುಂಪು ಹೊಡೆದು ಅಳೆದು ಬರೆದಿಡಿ. ಮುಂದಿನ ವಾರ ಉದ್ದ. ಅದರ ಮುಂದಿನ ವಾರ ಕೆನ್ನೆ. ನೋಟ್‌ಪುಸ್ತಕದಲ್ಲಿ ತಾರೀಕು, ಬದಲಾವಣೆ, ನಾಲ್ಕು ಗುಂಪುಗಳ ಸರಾಸರಿ, ಇಷ್ಟೇ ಕಾಲಂ. ಒಂದು ಬದಲಾವಣೆಯಿಂದ ಗುಂಪು ದೊಡ್ಡದಾದರೆ ಎರಡು ವಾರ ಕಾಯಿರಿ. ಹೊಸ ಅಳತೆಗೆ ಮೈ ಒಗ್ಗಲು ಅಷ್ಟು ಬೇಕು. ಆಗಲೂ ಸರಿಹೋಗದಿದ್ದರೆ ಹಿಂದಿನ ಸ್ಥಿತಿಗೆ ಮರಳಿ. ಸ್ಪರ್ಧೆಗೆ ಹೋಗುವ ಮುನ್ನ ಆ ಸ್ಪರ್ಧೆಯ ನಿಯಮಗಳನ್ನು ತರಬೇತುದಾರರ ಬಳಿ ಕೇಳಿಕೊಳ್ಳಿ. ಅಂತರರಾಷ್ಟ್ರೀಯ ನಿಯಮದಂತೆ 10 ಮೀಟರ್ ಏರ್ ರೈಫಲ್‌ನ ತೂಕ 5.5 ಕಿಲೋ ಮೀರುವಂತಿಲ್ಲ. ಸ್ಟಾಕ್‌ನ ಆಕಾರಕ್ಕೂ ಮಿತಿಗಳಿವೆ.

ಇನ್ನೆರಡು ಮಾತು. ಸೀಸದ ಗುಂಡು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಊಟಕ್ಕೆ ಕೂರಬಾರದು. ಹಾಗೆಯೇ, ಹೊಸದಾಗಿ ಸಜ್ಜಾದ ರೈಫಲನ್ನು ಹಿತ್ತಲಲ್ಲಿ ಹಕ್ಕಿಯ ಮೇಲೆ ಪರೀಕ್ಷಿಸುವುದು ಕ್ರೌರ್ಯ ಮಾತ್ರವಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು. ಏರ್ ರೈಫಲ್ ಆಟಿಕೆಯಲ್ಲ. ಅದರ ಗುಂಡು ಕಣ್ಣು ಕಳೆಯಬಲ್ಲದು. ಬೀಗ ಹಾಕಿದ ಕಪಾಟಿನಲ್ಲಿ ರೈಫಲ್, ಬೇರೊಂದು ಬೀಗದಲ್ಲಿ ಗುಂಡು, ಎರಡರ ಕೀಲಿಯೂ ಪಾಲಕರ ಬಳಿ ಇರಲಿ.

ಪಾಲಕರಲ್ಲಿ ಒಂದು ವಿನಂತಿ

2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. ಕೊನೆಯ ಗುಂಡಿಗೆ ಅವರು ಪಡೆದದ್ದು 10.8. 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಅವರ ಕೈಯಲ್ಲಿದ್ದದ್ದು ಉತ್ತಮೋತ್ತಮ ರೈಫಲ್‌ಗಳೇ, ಸಂದೇಹವಿಲ್ಲ. ಸೈಕಲ್ ಟ್ಯೂಬು, ಚಪ್ಪಲಿ ಫೋಮಿನಿಂದ ಒಲಿಂಪಿಕ್ ಪದಕ ಬರುತ್ತದೆಂದು ಯಾರೂ ಹೇಳುವುದಿಲ್ಲ. ಮುಂದೊಂದು ದಿನ ಮಗು ನಿಜಕ್ಕೂ ಆ ಮಟ್ಟಕ್ಕೆ ಬೆಳೆದರೆ ಒಳ್ಳೆಯ ರೈಫಲ್ ಬೇಕೇ ಬೇಕು. ಆದರೆ ಆ ದಿನ ಬರುವವರೆಗೆ ಮಗು ಆಟ ಬಿಡದೆ ಉಳಿಯಬೇಕಲ್ಲ? ಎಷ್ಟೋ ಮಕ್ಕಳು ಆಟ ಬಿಡುವುದು ಪ್ರತಿಭೆಯ ಕೊರತೆಯಿಂದಲ್ಲ. ತಮ್ಮ ಮಾತನ್ನು ನೆಪವೆಂದು ತಳ್ಳಿಹಾಕಿದರಲ್ಲ ಎಂಬ ಬೇಸರದಿಂದ.

ಆದ್ದರಿಂದ ಮುಂದಿನ ಸಲ ಮಗು 'ರೈಫಲ್ ಸರಿಯಿಲ್ಲ' ಎಂದಾಗ ಗಾದೆ ಹೇಳುವ ಮೊದಲು ಒಂದು ಅಳತೆಪಟ್ಟಿ ತನ್ನಿ. ಮೊಣಕೈ ಮಡಿಕೆಗೆ ಸ್ಟಾಕ್ ಆನಿಸಿ ನೋಡಿ. ಸರಿಯಾಗಿದ್ದರೆ ಮಗುವೇ ಒಪ್ಪಿಕೊಳ್ಳುತ್ತದೆ. ಸರಿಯಿಲ್ಲದಿದ್ದರೆ ನಾಲ್ಕು ಭಾನುವಾರ ಜೊತೆಗೆ ಕುಳಿತು ಸರಿಮಾಡಿ. ಮರ ಉಜ್ಜುವಾಗ ಆಡುವ ಮಾತುಗಳಿಗೂ ಒಂದು ಬೆಲೆಯಿದೆ. ನೆಲ ಸಮವಾದ ಮೇಲೆ ಉಳಿಯುವುದು ಕುಣಿತ ಮಾತ್ರ. ಅದನ್ನು ಅಂಗಡಿಯಿಂದ ತರಲಾಗದು, ದಿನವೂ ಬೆಳಗ್ಗೆ ಎದ್ದು ಅಭ್ಯಾಸ ಮಾಡಿಯೇ ಕಲಿಯಬೇಕು. ಆ ಮಾತನ್ನು ಆಗ ಮಗುವಿಗೆ ಹೇಳಬಹುದು. ಮಗುವೂ ಕೇಳುತ್ತದೆ.